‘ಫ್ರಾನ್ಸ್’ನಿಂದ ‘ಬ್ಲೂ ಲೇಡಿ’ಯವರೆಗೆ: ಒಂದು ಚಾರಿತ್ರಿಕ ಪ್ರಯಾಣಿಕ ನೌಕೆಯ ಅಂತ್ಯ

ಪೀಠಿಕೆ

ನೌಕಾಯಾನದ ಇತಿಹಾಸವನ್ನು ಬರೆದವರು ಹಡಗುಗಳ ನಿರ್ಮಾಣ, ವೇಗ ಮತ್ತು ವೈಭವಗಳಿಗೆ ಕೊಟ್ಟಷ್ಟು ಗಮನವನ್ನು ಅವುಗಳ ಅಂತ್ಯಕ್ಕೆ ಕೊಟ್ಟಿಲ್ಲ. ಕೋಟೆ, ದೇವಾಲಯ, ಅರಮನೆಗಳು ಶಿಥಿಲವಾದಾಗ ನಿಂತ ನೆಲದಲ್ಲಿಯೇ ಉಳಿಯುತ್ತವೆ. ಅವುಗಳ ಹೊಣೆ ಯಾರದೆಂಬುದನ್ನು ಆ ನೆಲದ ಕಾನೂನು ನಿರ್ಧರಿಸುತ್ತದೆ. ಹಡಗಿನ ಸ್ಥಿತಿ ಹಾಗಲ್ಲ. ಅದನ್ನು ಕಟ್ಟಿದ ದೇಶ ಒಂದು, ಕೊಂಡ ಒಡೆಯನ ದೇಶ ಇನ್ನೊಂದು, ನೋಂದಣಿಯಾದ ದೇಶ ಮತ್ತೊಂದು, ಕೊನೆಗೆ ಅದನ್ನು ಒಡೆಯುವ ದೇಶ ಬೇರೊಂದು ಆಗಿರಬಹುದು. ಆದ್ದರಿಂದ ಶಿಥಿಲವಾದ ಹಡಗಿನ ವಿಷಯದಲ್ಲಿ ಪರಂಪರೆ ಯಾರದು, ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳಿಗೆ ಎರಡು ಬೇರೆ ಬೇರೆ ಉತ್ತರಗಳು ದೊರೆಯುವ ಸಂಭವವುಂಟು.

1962ರಲ್ಲಿ ಅಟ್ಲಾಂಟಿಕ್ ಸಾಗರಕ್ಕಿಳಿದ ‘ಫ್ರಾನ್ಸ್’ ಎಂಬ ಪ್ರಯಾಣಿಕ ನೌಕೆ ಈ ಮಾತಿಗೆ ಸ್ಪಷ್ಟ ನಿದರ್ಶನವಾಗಿದೆ. 1980ರಿಂದ ‘ನಾರ್ವೆ’ ಎಂಬ ಹೆಸರಿನಲ್ಲಿ ಸಂಚರಿಸಿದ ಇದು, 2006ರಲ್ಲಿ ‘ಬ್ಲೂ ಲೇಡಿ’ ಎಂಬ ಹೆಸರು ಹೊತ್ತು ಗುಜರಾತಿನ ಅಲಂಗ್ ಕಡಲತೀರವನ್ನು ಸೇರಿತು. ಅಲ್ಲಿ ಅದನ್ನು ಒಡೆಯಬೇಕೇ ಬೇಡವೇ ಎಂಬ ಪ್ರಶ್ನೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಈ ನೌಕೆಯ ನಾಲ್ಕೂವರೆ ದಶಕಗಳ ಚರಿತ್ರೆಯನ್ನು ಅದರ ಅಂತ್ಯದ ದೃಷ್ಟಿಯಿಂದ ಪರಿಶೀಲಿಸಿ, ಅದರ ಸ್ಮೃತಿ ಒಂದು ನಾಡಿಗೂ ಅದರ ವಿಷ ಇನ್ನೊಂದು ನಾಡಿಗೂ ಸಂದ ಬಗೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿರ್ಮಾಣದ ಹಿನ್ನೆಲೆ

ನಿಗದಿತ ಮಾರ್ಗದಲ್ಲಿ, ನಿಗದಿತ ವೇಳಾಪಟ್ಟಿಯಂತೆ ಸಾಗರ ದಾಟುವ ದೊಡ್ಡ ಪ್ರಯಾಣಿಕ ಹಡಗುಗಳಿಗೆ ‘ಲೈನರ್’ ಎಂಬ ಹೆಸರು ಬಳಕೆಯಲ್ಲಿದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬ್ರಿಟನ್, ಜರ್ಮನಿ, ಫ್ರಾನ್ಸ್, ಇಟಲಿ ಮತ್ತು ಅಮೆರಿಕಗಳು ಇಂತಹ ಹಡಗುಗಳನ್ನು ಕೇವಲ ಸಾರಿಗೆಯ ಸಾಧನಗಳೆಂದು ಭಾವಿಸಲಿಲ್ಲ. ಅವು ರಾಷ್ಟ್ರದ ಪ್ರತಿಷ್ಠೆಯ ಕುರುಹುಗಳಾಗಿದ್ದುವು. ಸರ್ಕಾರಗಳು ಧಾರಾಳವಾಗಿ ಧನಸಹಾಯ ನೀಡುತ್ತಿದ್ದುದೂ ಈ ಕಾರಣದಿಂದಲೇ.

ಎರಡನೆಯ ಮಹಾಯುದ್ಧದ ನಂತರ ‘ಕಂಪಾನಿ ಜನೆರಾಲ್ ಟ್ರಾನ್ಸಟ್ಲಾಂಟಿಕ್’ ಎಂಬ ಫ್ರೆಂಚ್ ಸಂಸ್ಥೆಯ ಹಳೆಯ ನೌಕೆಗಳಾದ ‘ಈಲ್ ದ ಫ್ರಾನ್ಸ್’ ಮತ್ತು ‘ಲಿಬರ್ಟೆ’ಗಳಿಗೆ ವಯಸ್ಸಾಗಿತ್ತು. ಇವೆರಡರ ಬದಲಿಗೆ ಒಂದೇ ಬೃಹತ್ ನೌಕೆಯನ್ನು ಕಟ್ಟುವ ನಿರ್ಧಾರವಾಯಿತು. ಸ್ಯಾಂ ನಜೇರ್‌ನ ಹಡಗುಕಟ್ಟೆಯಲ್ಲಿ ಸಿದ್ಧವಾದ ಈ ನೌಕೆಯನ್ನು 1960ರ ಮೇ 11ರಂದು ಅಧ್ಯಕ್ಷ ಷಾರ್ಲ್ ದ ಗಾಲ್ ಅವರ ಸಮ್ಮುಖದಲ್ಲಿ ಅವರ ಪತ್ನಿ ನೀರಿಗಿಳಿಸಿದರು. ಸುಮಾರು 316 ಮೀಟರ್ ಉದ್ದದ ಈ ಹಡಗು ಅಂದಿನ ಜಗತ್ತಿನ ಅತ್ಯಂತ ಉದ್ದದ ಪ್ರಯಾಣಿಕ ನೌಕೆಯಾಗಿತ್ತು. ‘ಕ್ವೀನ್ ಮೇರಿ 2’ ಬರುವವರೆಗೂ, ಎಂದರೆ ನಾಲ್ಕು ದಶಕಗಳಿಗೂ ಮಿಕ್ಕಿ, ಈ ಸ್ಥಾನ ಅದರದಾಗಿಯೇ ಉಳಿಯಿತು. ಇದರ ಒಟ್ಟು ಟನ್ನೇಜ್ 66,343. ಸುಮಾರು 2,000 ಪ್ರಯಾಣಿಕರನ್ನು ಹೊತ್ತು 30 ನಾಟ್‌ಗಳ ವೇಗದಲ್ಲಿ ಸಾಗುವ ಸಾಮರ್ಥ್ಯ ಇದಕ್ಕಿತ್ತು. 1962ರ ಫೆಬ್ರವರಿ 3ರಂದು ಲ ಹಾವ್ರ್ ಬಂದರಿನಿಂದ ನ್ಯೂಯಾರ್ಕಿಗೆ ಮೊದಲ ಯಾನ ಹೊರಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಿಯೊನಾರ್ಡೊ ಡಾ ವಿಂಚಿಯ ‘ಮೋನಾಲಿಸಾ’ ಚಿತ್ರವನ್ನು ಅಮೆರಿಕದಲ್ಲಿ ಪ್ರದರ್ಶಿಸಲು ಈ ನೌಕೆಯಲ್ಲಿಯೇ ಕೊಂಡೊಯ್ಯಲಾಯಿತು. ರಾಷ್ಟ್ರವು ತನ್ನ ಅಮೂಲ್ಯ ನಿಧಿಯನ್ನು ಒಪ್ಪಿಸುವಷ್ಟು ಭರವಸೆ ಈ ಹಡಗಿನ ಮೇಲಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ರಕ್ಷೆಯಾಗಿ ಬಂದ ಕಲ್ನಾರು

ನಿರ್ಮಾಣದ ಹಂತದ ಒಂದು ಅಂಶ ಮುಂದಿನ ಚರಿತ್ರೆಯ ದೃಷ್ಟಿಯಿಂದ ಮಹತ್ವದ್ದಾಗಿದೆ. ಫ್ರಾನ್ಸಿನ ನೌಕಾಚರಿತ್ರೆಯಲ್ಲಿ ಬೆಂಕಿಯ ಅನಾಹುತಗಳು ಒಂದರ ಹಿಂದೊಂದರಂತೆ ಸಂಭವಿಸಿದ್ದುವು. 1932ರಲ್ಲಿ ‘ಜಾರ್ಜ್ ಫಿಲಿಪಾರ್’, 1933ರಲ್ಲಿ ‘ಲಾಟ್ಲಾಂಟಿಕ್’, 1939ರಲ್ಲಿ ಲ ಹಾವ್ರ್ ಬಂದರಿನಲ್ಲಿಯೇ ‘ಪಾರಿ’ ಮತ್ತು 1942ರಲ್ಲಿ ನ್ಯೂಯಾರ್ಕಿನಲ್ಲಿ ಸುಪ್ರಸಿದ್ಧ ‘ನಾರ್ಮಂಡಿ’ ನೌಕೆಗಳು ಅಗ್ನಿಗೆ ಆಹುತಿಯಾಗಿದ್ದುವು. ಮರದ ಅಲಂಕಾರ ಮತ್ತು ಬಟ್ಟೆಯ ಪರದೆಗಳಿಂದ ತುಂಬಿದ ಹಡಗು ನಡುಗಡಲಿನಲ್ಲಿ ಹೊತ್ತಿಕೊಂಡರೆ ಪಾರಾಗುವುದು ಕಷ್ಟವೆಂಬುದು ಇವುಗಳಿಂದ ಮನವರಿಕೆಯಾಗಿತ್ತು. ಆದ್ದರಿಂದ ಹೊಸ ನೌಕೆಯಲ್ಲಿ ಮರದ ಬಳಕೆಯನ್ನು ಆದಷ್ಟು ಕಡಿಮೆ ಮಾಡಿ, ಕೊಠಡಿಗಳ ನಡುಗೋಡೆ, ಒಳಮಾಳಿಗೆ ಮತ್ತು ಕೊಳವೆಗಳ ಹೊದಿಕೆಗಳಲ್ಲಿ ಆಸ್ಬೆಸ್ಟಾಸ್, ಎಂದರೆ ಕಲ್ನಾರನ್ನು ವಿಪುಲವಾಗಿ ಬಳಸಲಾಯಿತು.

ಪ್ರಯಾಣಿಕರ ಪ್ರಾಣರಕ್ಷಣೆಗೆಂದು ಅಳವಡಿಸಿದ ಈ ವಸ್ತು ಹಡಗು ಇಡಿಯಾಗಿರುವವರೆಗೆ ಬಹುಮಟ್ಟಿಗೆ ಗೋಡೆಗಳೊಳಗೆ ಅಡಗಿರುತ್ತದೆ. ಹಡಗನ್ನು ಒಡೆಯುವಾಗ ಅದರ ಸೂಕ್ಷ್ಮ ಎಳೆಗಳು ಗಾಳಿಯಲ್ಲಿ ಬೆರೆತು ಶ್ವಾಸಕೋಶವನ್ನು ಸೇರುತ್ತವೆ. ಅದರಿಂದ ಉಂಟಾಗುವ ಆಸ್ಬೆಸ್ಟಾಸಿಸ್ ಹಾಗೂ ಕ್ಯಾನ್ಸರ್ ರೋಗಗಳು ಪ್ರಕಟವಾಗಲು ಅನೇಕ ವೇಳೆ ಇಪ್ಪತ್ತು, ಮೂವತ್ತು ವರ್ಷಗಳೇ ಹಿಡಿಯುತ್ತವೆ. ಈ ಅಪಾಯವನ್ನು ಮನಗಂಡು ಫ್ರಾನ್ಸ್ ದೇಶವು 1997ರಿಂದ ಕಲ್ನಾರಿನ ಬಳಕೆಯನ್ನು ನಿಷೇಧಿಸಿತು. ಆದರೆ ಆ ವೇಳೆಗೆ ಅದೇ ದೇಶದ ಹೆಸರು ಹೊತ್ತಿದ್ದ ನೌಕೆ ಅನ್ಯರ ಸ್ವತ್ತಾಗಿ ಬಹುಕಾಲ ಕಳೆದಿತ್ತು.

ಅವನತಿ ಮತ್ತು ‘ಮರೆವಿನ ಧಕ್ಕೆ’

‘ಫ್ರಾನ್ಸ್’ ನೀರಿಗಿಳಿಯುವ ಮೊದಲೇ ಅದರ ಕಾಲ ಮುಗಿಯುತ್ತ ಬಂದಿತ್ತು. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಸಂಚಾರ ಆರಂಭವಾಗಿ, ಐದು ದಿನಗಳ ಯಾನ ಕೆಲವೇ ಗಂಟೆಗಳಿಗೆ ಇಳಿಯಿತು. ಪ್ರಯಾಣಿಕರು ವಿಮಾನದತ್ತ ಹೊರಳಿದರು. ನಷ್ಟವನ್ನು ತುಂಬಿಕೊಡುತ್ತಿದ್ದುದು ಸರ್ಕಾರದ ಸಹಾಯಧನ. 1973ರ ನಂತರ ತೈಲದ ಬೆಲೆ ಹಲವು ಪಟ್ಟು ಏರಿದುದರಿಂದ ಈ ಹೊರೆ ಅಸಹನೀಯವಾಯಿತು. ಅಧ್ಯಕ್ಷ ವಾಲೆರಿ ಜಿಸ್ಕಾರ್ ದೆಸ್ತಾಂಗ್ ಅವರ ಸರ್ಕಾರವು 1974ರ ಬೇಸಿಗೆಯಲ್ಲಿ ಸಹಾಯಧನವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಇದನ್ನು ಪ್ರತಿಭಟಿಸಿ 1974ರ ಸೆಪ್ಟೆಂಬರಿನಲ್ಲಿ ನೌಕಾಸಿಬ್ಬಂದಿಯು ಲ ಹಾವ್ರ್ ಬಂದರಿನ ಪ್ರವೇಶದ್ವಾರದ ಬಳಿಯಲ್ಲಿಯೇ ಲಂಗರು ಹಾಕಿಸಿ ಹಡಗನ್ನು ವಶಪಡಿಸಿಕೊಂಡಿತು. ಪ್ರಯಾಣಿಕರನ್ನು ಬೇರೊಂದು ಹಡಗಿನಲ್ಲಿ ದಡಕ್ಕೆ ಸಾಗಿಸಬೇಕಾಯಿತು. ಸುಮಾರು ಒಂದು ತಿಂಗಳ ಈ ಹೋರಾಟ ಫಲ ಕೊಡಲಿಲ್ಲ. ಆನಂತರ ನೌಕೆಯನ್ನು ಬಂದರಿನ ಒಂದು ಮೂಲೆಯ ಧಕ್ಕೆಯಲ್ಲಿ ಕಟ್ಟಿಹಾಕಲಾಯಿತು. ಜನರು ಆ ಸ್ಥಳವನ್ನು ‘ಮರೆವಿನ ಧಕ್ಕೆ’ ಎಂದು ಕರೆಯತೊಡಗಿದರು. 1975ರಲ್ಲಿ ಗಾಯಕ ಮಿಷೆಲ್ ಸಾರ್ದೂ ಈ ಹಡಗನ್ನು ಕುರಿತು ಹಾಡಿದ ಗೀತೆ ಫ್ರಾನ್ಸಿನಲ್ಲೆಲ್ಲ ಜನಪ್ರಿಯವಾಯಿತು. ಜನತೆ ಹಡಗಿಗಾಗಿ ಮರುಗಿದರೂ ಅದನ್ನು ಉಳಿಸುವ ವೆಚ್ಚವನ್ನು ವಹಿಸಲು ಯಾವ ಸಂಸ್ಥೆಯೂ ಮುಂದೆ ಬರಲಿಲ್ಲವೆಂಬುದು ಗಮನಾರ್ಹ.

1977ರಲ್ಲಿ ಸೌದಿ ಉದ್ಯಮಿ ಅಕ್ರಂ ಒಜ್ಜೆ ಈ ನೌಕೆಯನ್ನು ಕೊಂಡರು. ಈ ಮಾರಾಟವೇ ಮುಂದಿನ ಬೆಳವಣಿಗೆಗಳಿಗೆಲ್ಲ ಮೂಲವೆನ್ನಬೇಕು. ಅಂದಿನಿಂದ ‘ಫ್ರಾನ್ಸ್’ ಒಂದು ರಾಷ್ಟ್ರದ ಸಂಕೇತವಾಗಿ ಜನಮನದಲ್ಲಿ ಉಳಿಯಿತೇ ಹೊರತು ಕಾನೂನಿನ ದೃಷ್ಟಿಯಲ್ಲಿ ಖಾಸಗಿ ಸ್ವತ್ತಾಯಿತು.

‘ನಾರ್ವೆ’ಯಾಗಿ ಎರಡನೆಯ ಬದುಕು

1979ರಲ್ಲಿ ನಾರ್ವೆ ದೇಶದ ಕ್ನೂಟ್ ಕ್ಲೋಸ್ಟರ್ ಅವರ ಸಂಸ್ಥೆ 1 ಕೋಟಿ 80 ಲಕ್ಷ ಡಾಲರುಗಳಿಗೆ ಈ ನೌಕೆಯನ್ನು ಖರೀದಿಸಿತು. ಜರ್ಮನಿಯ ಬ್ರೆಮರ್‌ಹಾವನ್‌ನಲ್ಲಿ ಅದನ್ನು ವಿಹಾರನೌಕೆಯಾಗಿ ಮಾರ್ಪಡಿಸಲಾಯಿತು. ವೇಗದ ಅಗತ್ಯ ಇರಲಿಲ್ಲವಾದ್ದರಿಂದ ನಾಲ್ಕು ಚಾಲಕ ಚಕ್ರಗಳಲ್ಲಿ ಎರಡನ್ನು ತೆಗೆದುಹಾಕಿ, ಅರ್ಧದಷ್ಟು ಯಂತ್ರಶಕ್ತಿಯನ್ನು ಕೈಬಿಡಲಾಯಿತು. 1980ರಿಂದ ‘ನಾರ್ವೆ’ ಅಮೆರಿಕದ ಮಯಾಮಿಯಿಂದ ಕೆರೀಬಿಯನ್ ದ್ವೀಪಗಳಿಗೆ ಸಂಚರಿಸಿತು. ಅಷ್ಟು ದೊಡ್ಡ ಹಡಗನ್ನು ವಿಹಾರಕ್ಕೆ ಬಳಸಬಹುದೆಂದು ತೋರಿಸಿದ ಈ ಪ್ರಯೋಗ ಇಂದಿನ ಬೃಹತ್ ವಿಹಾರನೌಕೆಗಳಿಗೆ ದಾರಿ ಮಾಡಿಕೊಟ್ಟಿತು.

2003ರ ಮೇ 25ರಂದು ಮಯಾಮಿ ಬಂದರಿನಲ್ಲಿ ನಿಂತಿದ್ದಾಗ ಹಡಗಿನ ಬಾಯ್ಲರ್ ಒಂದು ಸಿಡಿದು 8 ಮಂದಿ ಸಿಬ್ಬಂದಿ ಮೃತಪಟ್ಟರು, 17 ಮಂದಿ ಗಾಯಗೊಂಡರು. ಬಾಯ್ಲರ್‌ನ ನಿರ್ವಹಣೆ ಮತ್ತು ತಪಾಸಣೆಗಳಲ್ಲಿನ ಲೋಪವೇ ಇದಕ್ಕೆ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಮುಂದೆ ತೀರ್ಮಾನಿಸಿತು. ನೌಕೆಯನ್ನು ಬ್ರೆಮರ್‌ಹಾವನ್‌ಗೆ ಎಳೆದೊಯ್ಯಲಾಯಿತು. 2004ರಲ್ಲಿ ಅದು ಮತ್ತೆ ಸೇವೆಗೆ ಬರುವುದಿಲ್ಲವೆಂದು ಒಡೆಯರು ಪ್ರಕಟಿಸಿದರು.

ಇಲ್ಲಿಂದ ನೌಕೆಯ ಅನಿಶ್ಚಿತ ಸ್ಥಿತಿ ಆರಂಭವಾಗುತ್ತದೆ. ಅಪಾಯಕಾರಿ ತ್ಯಾಜ್ಯವನ್ನು ಗಡಿಯಾಚೆಗೆ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದ 1989ರಲ್ಲಿ ರೂಪುಗೊಂಡು 1992ರಲ್ಲಿ ಜಾರಿಗೆ ಬಂದಿತ್ತು. ಒಡೆಯಲೆಂದು ಹೊರಟ ಹಡಗು ಈ ಒಪ್ಪಂದದ ದೃಷ್ಟಿಯಲ್ಲಿ ತ್ಯಾಜ್ಯ. ಮರುಬಳಕೆಗೆಂದು ಹೊರಟರೆ ಅದು ಕೇವಲ ಹಡಗು. 2005ರ ಮೇ ತಿಂಗಳಲ್ಲಿ ‘ನಾರ್ವೆ’ ಮರುಬಳಕೆಯ ಉದ್ದೇಶದ ಮೇಲೆ ಜರ್ಮನಿಯಿಂದ ಹೊರಟು, ಟಗ್ ಹಡಗಿನ ನೆರವಿನಿಂದ ಮಲೇಷ್ಯಾದ ಪೋರ್ಟ್ ಕ್ಲಾಂಗ್ ತಲುಪಿತು. ಒಪ್ಪಂದದ ಆಶಯವನ್ನು ಇದರಿಂದ ತಪ್ಪಿಸಲಾಯಿತೆಂದು ಪರಿಸರ ಸಂಘಟನೆಗಳು ಆಕ್ಷೇಪಿಸಿದುವು. 2006ರ ಫೆಬ್ರವರಿಯಲ್ಲಿ ಬಾಂಗ್ಲಾದೇಶವು ಹಡಗಿನಲ್ಲಿರುವ ಕಲ್ನಾರಿನ ಕಾರಣದಿಂದ ಅದಕ್ಕೆ ಪ್ರವೇಶ ನಿರಾಕರಿಸಿತು. ಬಳಿಕ ಲೈಬೀರಿಯಾದಲ್ಲಿ ನೋಂದಣಿಯಾದ ಸಂಸ್ಥೆಯೊಂದರ ಕೈಸೇರಿ, ‘ಬ್ಲೂ ಲೇಡಿ’ ಎಂಬ ಹೊಸ ಹೆಸರಿನೊಡನೆ ಅದು ಭಾರತದತ್ತ ಹೊರಟಿತು.

ಎರಡು ಫ್ರೆಂಚ್ ಹಡಗುಗಳು

ಇದೇ ಅವಧಿಯಲ್ಲಿ ಇನ್ನೊಂದು ಫ್ರೆಂಚ್ ಹಡಗು ಅಲಂಗ್‌ನ ದಾರಿ ಹಿಡಿದಿತ್ತು. ನಿವೃತ್ತಗೊಂಡ ವಿಮಾನವಾಹಕ ಯುದ್ಧನೌಕೆ ‘ಕ್ಲೆಮಾನ್ಸೊ’ 2005ರ ಡಿಸೆಂಬರ್ 31ರಂದು ತುಲಾಂ ಬಂದರನ್ನು ಬಿಟ್ಟಿತು. ಅದರಲ್ಲಿಯೂ ಕಲ್ನಾರು ಇತ್ತು. ಭಾರತದಲ್ಲಿಯೂ ಫ್ರಾನ್ಸಿನಲ್ಲಿಯೂ ತೀವ್ರ ವಿರೋಧ ವ್ಯಕ್ತವಾಗಿ, ಫ್ರಾನ್ಸಿನ ಉನ್ನತ ಆಡಳಿತ ನ್ಯಾಯಾಲಯ ಅದರ ರವಾನೆಗೆ ತಡೆ ನೀಡಿತು. 2006ರ ಫೆಬ್ರವರಿ 15ರಂದು ಅಧ್ಯಕ್ಷ ಜಾಕ್ ಷಿರಾಕ್ ಹಡಗನ್ನು ಹಿಂದಕ್ಕೆ ಕರೆಸಿಕೊಂಡರು. ಮುಂದೆ ಅದನ್ನು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಒಡೆಯಲಾಯಿತು.

ಈ ಎರಡು ಪ್ರಕರಣಗಳ ಹೋಲಿಕೆ ಅತ್ಯಂತ ಬೋಧಪ್ರದವಾಗಿದೆ. ಎರಡೂ ಫ್ರಾನ್ಸಿನಲ್ಲಿ ಕಟ್ಟಿದ ಹಡಗುಗಳು. ಎರಡರಲ್ಲಿಯೂ ಒಂದೇ ವಿಷವಸ್ತು. ಎರಡರ ಗುರಿಯೂ ಒಂದೇ ಕಡಲತೀರ. ಆದರೆ ‘ಕ್ಲೆಮಾನ್ಸೊ’ಗೆ ಫ್ರೆಂಚ್ ಪ್ರಭುತ್ವವೇ ಒಡೆಯ. ಅದನ್ನು ಹಿಂದಕ್ಕೆ ಕರೆಯುವ ಅಧಿಕಾರವೂ ಕರೆಯಲೇಬೇಕಾದ ಹೊಣೆಯೂ ಒಬ್ಬರಲ್ಲಿ ನೆಲೆಸಿದ್ದುವು. ಒಂದು ಕಾಲಕ್ಕೆ ದೇಶದ ಹೆಸರನ್ನೇ ಹೊತ್ತಿದ್ದ ‘ಫ್ರಾನ್ಸ್’ ನೌಕೆಗೆ ಹಿಂದಕ್ಕೆ ಕರೆಯುವವರು ಯಾರೂ ಇರಲಿಲ್ಲ.

ಅಲಂಗ್ ಮತ್ತು ಸರ್ವೋಚ್ಚ ನ್ಯಾಯಾಲಯ

ಖಂಬಾತ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿರುವ ಅಲಂಗ್‌ನಲ್ಲಿ ಹಡಗು ಒಡೆಯುವ ಉದ್ಯಮ ಆರಂಭವಾದುದು 1983ರಲ್ಲಿ. ಇಲ್ಲಿನ ಉಬ್ಬರವಿಳಿತಗಳ ಅಂತರ ಸುಮಾರು 10 ಮೀಟರುಗಳಷ್ಟಿದ್ದು, ದಡ ಇಳಿಜಾರಾಗಿದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿನ ದೊಡ್ಡ ಉಬ್ಬರದಲ್ಲಿ ಹಡಗನ್ನು ದಡಕ್ಕೇರಿಸಿದರೆ ನೀರು ಇಳಿದಾಗ ಅದು ಕೆಸರಿನ ಮೇಲೆ ಕುಳಿತುಬಿಡುತ್ತದೆ. ಹಡಗುಕಟ್ಟೆಯ ಖರ್ಚಿಲ್ಲದೆ, ಅನಿಲಜ್ವಾಲೆಯಿಂದ ಉಕ್ಕನ್ನು ಕತ್ತರಿಸಿ ತೆಗೆಯಬಹುದು. ಹಡಗಿನ ಉಕ್ಕು ಮರುಸುರುಳಿ ಗಿರಣಿಗಳಿಗೆ ಹೋಗುತ್ತದೆ. ಕುರ್ಚಿ, ಮಂಚ, ಅಡಿಗೆಪಾತ್ರೆಗಳು ಅಲಂಗ್ ರಸ್ತೆಯ ಗುಜರಿ ಅಂಗಡಿಗಳಲ್ಲಿ ಮಾರಾಟವಾಗುತ್ತವೆ. ಕೆಲಸಗಾರರಲ್ಲಿ ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್ ಮತ್ತು ಒಡಿಶಾಗಳಿಂದ ವಲಸೆ ಬಂದವರು.

ಹಡಗು ಒಡೆಯುವುದಕ್ಕೆ ಮುನ್ನ ಅದರಲ್ಲಿನ ಅಪಾಯಕಾರಿ ವಸ್ತುಗಳ ವಿವರ ಒದಗಿಸಬೇಕೆಂದೂ ಹಡಗು ಶುದ್ಧೀಕರಣಗೊಂಡಿರಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2003ರ ಅಕ್ಟೋಬರ್ 14ರ ಆದೇಶದಲ್ಲಿ ಸೂಚಿಸಿತ್ತು. 1995ರಲ್ಲಿ ದಾಖಲಾಗಿದ್ದ ಅಪಾಯಕಾರಿ ತ್ಯಾಜ್ಯ ಕುರಿತ ರಿಟ್ ಅರ್ಜಿಯ ವಿಚಾರಣೆಯಲ್ಲಿ ಈ ಆದೇಶ ಹೊರಬಿದ್ದಿತು. ಅದೇ ಪ್ರಕರಣದಲ್ಲಿ ‘ಬ್ಲೂ ಲೇಡಿ’ಯ ಪ್ರಶ್ನೆಯೂ ಚರ್ಚೆಗೆ ಬಂದಿತು. 2006ರ ಜೂನ್‌ನಲ್ಲಿ ಮಳೆಗಾಲದ ಕಡಲಿನಲ್ಲಿ ಹಡಗಿನ ಸಿಬ್ಬಂದಿಯ ಸುರಕ್ಷತೆಯನ್ನು ಗಮನಿಸಿ ಭಾರತೀಯ ಜಲಪ್ರದೇಶವನ್ನು ಪ್ರವೇಶಿಸಲು ನ್ಯಾಯಾಲಯ ಅವಕಾಶ ನೀಡಿತು. ಆ ತಿಂಗಳ ಕೊನೆಯಲ್ಲಿ ಹಡಗು ಪಿಪಾವಾವ್ ಬಳಿ ಲಂಗರು ಹಾಕಿತು. ಆಗಸ್ಟ್ 15ರಂದು ಅದನ್ನು ಅಲಂಗ್‌ನ ದಡಕ್ಕೇರಿಸಲಾಯಿತು. ಒಡೆಯುವ ಅನುಮತಿ ಅಂತಿಮವಾಗಿ ದೊರೆತುದು ಇದಾದ ಒಂದು ವರ್ಷದ ನಂತರ. ಆದರೆ ಉಬ್ಬರದಲ್ಲಿ ಒಮ್ಮೆ ದಡಕ್ಕೇರಿದ ಅಂತಹ ಹಡಗನ್ನು ಮತ್ತೆ ನೀರಿಗಿಳಿಸುವುದು ಕಾರ್ಯತಃ ಅಸಾಧ್ಯ. ಹೀಗಾಗಿ ನ್ಯಾಯನಿರ್ಣಯಕ್ಕೆ ಮೊದಲೇ ಋತುಮಾನ ಮತ್ತು ಕಡಲು ಬಹುಮಟ್ಟಿಗೆ ನಿರ್ಣಯ ನೀಡಿದ್ದುವೆಂದು ಹೇಳಬಹುದು.

ನ್ಯಾಯಾಲಯ ನೇಮಿಸಿದ್ದ ತಾಂತ್ರಿಕ ತಜ್ಞರ ಸಮಿತಿಯು ಹಡಗಿನಲ್ಲಿ 1,200 ಟನ್ನಿಗೂ ಅಧಿಕ ಕಲ್ನಾರುಯುಕ್ತ ವಸ್ತುಗಳಿರುವುದಾಗಿ ಅಂದಾಜು ಮಾಡಿತು. ಹಡಗಿನ ಅಗ್ನಿಸೂಚಕಗಳಲ್ಲಿನ ವಿಕಿರಣಶೀಲ ಅಮೆರಿಸಿಯಂ ಸಹ ಚರ್ಚೆಗೆ ಬಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಅಲಂಗ್‌ನಲ್ಲಿ ಕಲ್ನಾರಿನ ಸಂಪರ್ಕಕ್ಕೆ ಬಂದ 94 ಕಾರ್ಮಿಕರನ್ನು ಪರೀಕ್ಷಿಸಿದಾಗ 15 ಮಂದಿಯ ಎಕ್ಸ್-ರೇ ಚಿತ್ರಗಳಲ್ಲಿ ಶ್ವಾಸಕೋಶದ ಬದಲಾವಣೆಯ ಕುರುಹುಗಳು ಕಂಡುಬಂದಿದ್ದುವು. ಇವರು ಮುಟ್ಟಿದ್ದುದು ‘ಬ್ಲೂ ಲೇಡಿ’ಯನ್ನಲ್ಲ, ಅದಕ್ಕಿಂತ ಮೊದಲು ಬಂದ ಹಡಗುಗಳನ್ನು. ಹಡಗನ್ನು ಶುದ್ಧೀಕರಿಸದೆ ಒಡೆಯಬಾರದೆಂದು ಪರಿಸರವಾದಿಗಳು ವಾದಿಸಿದರೆ, ಸೂಕ್ತ ಮುನ್ನೆಚ್ಚರಿಕೆಯೊಂದಿಗೆ ಇಲ್ಲಿಯೇ ಕಲ್ನಾರನ್ನು ತೆಗೆದು ಹೂಳಬಹುದೆಂದು ಸಮಿತಿ ಅಭಿಪ್ರಾಯಪಟ್ಟಿತು.

2007ರ ಸೆಪ್ಟೆಂಬರ್ 11ರಂದು ನ್ಯಾಯಮೂರ್ತಿ ಅರಿಜಿತ್ ಪಸಾಯತ್ ಮತ್ತು ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಪೀಠವು ಷರತ್ತುಗಳೊಡನೆ ಹಡಗನ್ನು ಒಡೆಯಲು ಅನುಮತಿ ನೀಡಿತು. ಹಡಗಿನಿಂದ 700 ಮಂದಿಗೆ ಉದ್ಯೋಗವೂ ದೇಶಕ್ಕೆ 41,000 ಟನ್ ಉಕ್ಕೂ ದೊರೆಯುವ ಅಂಶವನ್ನು ನ್ಯಾಯಾಲಯ ಪರಿಗಣಿಸಿ, ಪರಿಸರ ಮತ್ತು ಅಭಿವೃದ್ಧಿಗಳ ನಡುವೆ ಸಮತೋಲನದ ತತ್ತ್ವವನ್ನು ಅನ್ವಯಿಸಿತು. ಇದೇ ನ್ಯಾಯಾಲಯ 1995ರ ಜನವರಿಯಲ್ಲಿ ಕಲ್ನಾರು ಉದ್ಯಮದ ಕಾರ್ಮಿಕರಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಘೋಷಿಸಿತ್ತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಮಸ್ಯೆಯ ಆಳ ತಿಳಿಯುತ್ತದೆ. ಉದ್ಯೋಗದ ಲಾಭ ಕೂಡಲೇ ಎಣಿಕೆಗೆ ಸಿಗುತ್ತದೆ. ಕಲ್ನಾರಿನ ಹಾನಿ ಕಾಣಿಸಿಕೊಳ್ಳುವುದು ಎರಡು ಮೂರು ದಶಕಗಳ ನಂತರ, ಅದೂ ಕಾರ್ಮಿಕನು ದೂರದ ತನ್ನ ಊರಿಗೆ ಮರಳಿದ ಮೇಲೆ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದರ ತೂಕ ಮಾತ್ರ ಅಂದು ತಿಳಿದಿತ್ತು.

ಹಂಚಿಹೋದ ಅವಶೇಷ

2008ರ ಕೊನೆಯ ಹೊತ್ತಿಗೆ ಹಡಗು ಬಹುತೇಕ ಇಲ್ಲವಾಯಿತು. ಆದರೆ ಅದರ ಮೂತಿಯ ತುದಿಯನ್ನು ಕತ್ತರಿಸಿ ಜೋಪಾನವಾಗಿ ತೆಗೆದಿಟ್ಟು ಫ್ರಾನ್ಸಿಗೆ ಸಾಗಿಸಲಾಯಿತು. 2009ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಹಡಗಿನ ಇತರ ವಸ್ತುಗಳೊಡನೆ ಅದು ಹರಾಜಾಯಿತು. 2018ರಲ್ಲಿ ಅದನ್ನು ಲ ಹಾವ್ರ್ ಬಂದರಿನಲ್ಲಿ ಸ್ಮಾರಕವಾಗಿ ನಿಲ್ಲಿಸಲಾಯಿತು. ಸಂಸ್ಥೆಯ ಕಡತ, ಚಿತ್ರ, ಪಾತ್ರೆಪಡಗಗಳೂ ಅದೇ ನಗರದಲ್ಲಿ ಸಂರಕ್ಷಿತವಾಗಿವೆ. ಹೀಗೆ ಸ್ಮೃತಿಗೆ ಯೋಗ್ಯವಾದ ಭಾಗ ಹುಟ್ಟಿದ ನಾಡಿಗೆ ಮರಳಿತು. ಉಕ್ಕು ಕರಗಿ ಸರಳುಗಳಾಯಿತು. ಕಲ್ನಾರು ಸೌರಾಷ್ಟ್ರದಲ್ಲಿಯೇ ಉಳಿಯಿತು.

ಇದು ಒಂದೇ ಹಡಗಿನ ಕಥೆಯಲ್ಲವೆಂಬುದಕ್ಕೆ ಅಮೆರಿಕದ ‘ಯುನೈಟೆಡ್ ಸ್ಟೇಟ್ಸ್’ ನೌಕೆ ಸಾಕ್ಷಿ. 1952ರ ಜುಲೈಯಲ್ಲಿ ತನ್ನ ಮೊದಲ ಯಾನದಲ್ಲಿಯೇ 35.59 ನಾಟ್‌ಗಳ ಸರಾಸರಿ ವೇಗದಿಂದ ಅಟ್ಲಾಂಟಿಕ್ ದಾಟಿ ದಾಖಲೆ ನಿರ್ಮಿಸಿದ ಈ ಹಡಗು 1969ರಲ್ಲಿ ನಿವೃತ್ತಿಗೊಂಡಿತು. 1990ರ ದಶಕದ ಆರಂಭದಲ್ಲಿ ಅದನ್ನು ಕಪ್ಪು ಸಮುದ್ರಕ್ಕೆ ಎಳೆದೊಯ್ದು ಉಕ್ರೇನಿನ ಸೆವಾಸ್ತೊಪೋಲ್‌ನಲ್ಲಿ ಕಲ್ನಾರನ್ನು ತೆಗೆಸಲಾಯಿತು. ವಿಷ ಬೇರೊಂದು ನಾಡಿನಲ್ಲಿ ಉಳಿದು, ಬರಿದಾದ ಒಡಲು 1996ರಲ್ಲಿ ಫಿಲಡೆಲ್ಫಿಯಾಕ್ಕೆ ಮರಳಿತು. ಅಲ್ಲಿ ಸುಮಾರು 28 ವರ್ಷ ತುಕ್ಕು ಹಿಡಿಯುತ್ತ ನಿಂತಿತು. 2011ರಿಂದ ಒಂದು ಸಂರಕ್ಷಣಾ ಸಂಸ್ಥೆ ಅದರ ಒಡೆತನ ವಹಿಸಿ ಹೊಸ ಉಪಯೋಗಕ್ಕಾಗಿ ಪ್ರಯತ್ನಿಸಿತು. ಆದರೆ ಧಕ್ಕೆಯ ಬಾಡಿಗೆಯ ವ್ಯಾಜ್ಯದಲ್ಲಿ 2024ರಲ್ಲಿ ಸ್ಥಳ ಬಿಡಬೇಕಾಯಿತು. ಕೃತಕ ಬಂಡೆಯಾಗಿ ಕಡಲತಳದಲ್ಲಿ ಮುಳುಗಿಸುವ ಉದ್ದೇಶದಿಂದ ಫ್ಲಾರಿಡಾದ ಒಕಲೂಸಾ ಕೌಂಟಿ ಅದನ್ನು ಕೊಂಡಿತು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಬಿಟ್ಟು ಮಾರ್ಚ್‌ನಲ್ಲಿ ಅಲಬಾಮಾದ ಮೊಬೈಲ್ ನಗರಕ್ಕೆ ಬಂದ ಅದನ್ನು ಮುಳುಗಿಸುವುದಕ್ಕೆ ಅಣಿಗೊಳಿಸುವ ಕಾರ್ಯ ಆರಂಭವಾಯಿತು. ‘ಕ್ವೀನ್ ಮೇರಿ’ 1971ರಿಂದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿಯೂ ‘ರಾಟರ್‌ಡಾಂ’ 2010ರಿಂದ ತನ್ನ ಹೆಸರಿನ ನಗರದಲ್ಲಿಯೂ ಪ್ರವಾಸಿಗರಿಗೆ ತೆರೆದುಕೊಂಡಿವೆ. ಇವು ಅಪವಾದಗಳು. ಇವುಗಳ ಬೆನ್ನಿಗೆ ಖರ್ಚು ವಹಿಸಲು ಸಿದ್ಧರಾದವರು ಇದ್ದರು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ‘ಫ್ರಾನ್ಸ್’ ನೌಕೆಯ ಅಂತ್ಯವನ್ನು ಯಾವ ಒಂದು ಹಂತದಲ್ಲಿಯೂ ಯಾರೂ ಪೂರ್ಣವಾಗಿ ಆಲೋಚಿಸಿ ನಿರ್ಧರಿಸಲಿಲ್ಲ. 1977ರ ಮಾರಾಟ, 2005ರ ನಿರ್ಗಮನ, 2006ರ ದಡಕ್ಕೇರಿಕೆ ಇವುಗಳಲ್ಲಿ ಒಂದೊಂದೂ ಮುಂದಿನ ಆಯ್ಕೆಯನ್ನು ಕಿರಿದುಗೊಳಿಸಿತು. ನ್ಯಾಯಾಲಯದ ಮುಂದೆ ಬರುವ ವೇಳೆಗೆ ಆಯ್ಕೆಯೇ ಉಳಿದಿರಲಿಲ್ಲ. ಎರಡನೆಯದಾಗಿ, ಹಡಗಿನ ಭವಿಷ್ಯವನ್ನು ನಿರ್ಧರಿಸಿದುದು ಅದರ ಕೀರ್ತಿಯಲ್ಲ, ಅದರೊಳಗಿನ ಕಲ್ನಾರನ್ನು ತೆಗೆಯುವ ವೆಚ್ಚ. ಮೂರನೆಯದಾಗಿ, ಪರಂಪರೆಯ ಹಕ್ಕು ಮತ್ತು ತ್ಯಾಜ್ಯದ ಹೊಣೆಗಳನ್ನು ಬೇರ್ಪಡಿಸಲು ಕಾನೂನು ಅವಕಾಶ ಕೊಟ್ಟಿತ್ತು.

ಈ ಅನುಭವದ ನಂತರ ಕೆಲವು ಬದಲಾವಣೆಗಳಾಗಿವೆ. ಹಡಗುಗಳ ಸುರಕ್ಷಿತ ಮರುಬಳಕೆ ಕುರಿತ ಹಾಂಗ್‌ಕಾಂಗ್ ಒಪ್ಪಂದವನ್ನು 2009ರಲ್ಲಿ ಅಂಗೀಕರಿಸಲಾಯಿತು. ಭಾರತವು 2019ರಲ್ಲಿ ಅದಕ್ಕೆ ಸಮ್ಮತಿ ನೀಡಿ ಹಡಗುಗಳ ಮರುಬಳಕೆ ಅಧಿನಿಯಮವನ್ನು ಜಾರಿಗೊಳಿಸಿತು. ಒಪ್ಪಂದ 2025ರ ಜೂನ್ 26ರಿಂದ ಜಾರಿಗೆ ಬಂದಿದೆ. ಹಡಗಿನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿಯನ್ನು ಅದು ಸಂಚಾರದಲ್ಲಿರುವಾಗಲೇ ಇಟ್ಟುಕೊಂಡಿರಬೇಕೆಂಬುದು ಇದರ ಮುಖ್ಯ ನಿಯಮ. 2006ರಲ್ಲಿ ಅಲಂಗ್‌ನಲ್ಲಿ ನಡೆದ ವಿವಾದದ ಬಹುಭಾಗ ಇಂತಹ ಪಟ್ಟಿಯೊಂದು ಇಲ್ಲದುದರಿಂದಲೇ ಉಂಟಾಯಿತೆಂಬುದನ್ನು ನೆನೆದರೆ ಈ ನಿಯಮದ ಮಹತ್ವ ತಿಳಿಯುತ್ತದೆ. ಆದರೂ ಶುದ್ಧೀಕರಣದ ವೆಚ್ಚವನ್ನು ಹಡಗಿನಿಂದ ಲಾಭ ಪಡೆದ ಒಡೆಯರೇ ಭರಿಸಬೇಕೆಂಬ ತತ್ತ್ವ ಇನ್ನೂ ಪೂರ್ಣವಾಗಿ ಸ್ಥಾಪಿತವಾಗಿಲ್ಲ.

ಇತಿಹಾಸಕಾರರಿಗೂ ಇಲ್ಲಿ ಒಂದು ಕರ್ತವ್ಯವಿದೆ. ‘ಫ್ರಾನ್ಸ್’ ನೌಕೆಯ ಚರಿತ್ರೆ ಸ್ಯಾಂ ನಜೇರ್ ಮತ್ತು ಲ ಹಾವ್ರ್‌ಗಳ ಕಡತಗಳಲ್ಲಿ ಮುಗಿಯುವುದಿಲ್ಲ. ನ್ಯಾಯಾಲಯಕ್ಕೆ ಸಲ್ಲಿಸಿದ ವರದಿಗಳು, ಅಲಂಗ್‌ನ ಹಾಜರಿಪುಸ್ತಕಗಳು, ಊರಿಗೆ ಮರಳಿದ ಕಾರ್ಮಿಕರ ವೈದ್ಯಕೀಯ ದಾಖಲೆಗಳು ಇವೂ ಅದರ ಆಕರಗಳೇ. ಹಡಗನ್ನು ಕಟ್ಟಿದವರ ಚರಿತ್ರೆಯೊಡನೆ ಒಡೆದವರ ಚರಿತ್ರೆಯೂ ಸೇರಿದಾಗಲೇ ಆ ನೌಕೆಯ ಇತಿಹಾಸ ಪೂರ್ಣವಾಗುತ್ತದೆ.